ಮೂಗಿಗಿಂತ ಮೂಗುತಿ ಭಾರ: ಸೈಡ್ ಬೈ ಸೈಡ್, ಡರ್ಟ್ ಬೈಕ್ ಕೊಳ್ಳುವಾಗ ಡೀಲರ್ ಸೇರಿಸುವ ಶುಲ್ಕಗಳು

ಮೇಸಾ_ಮರಳು (ಅರಿಜೋನಾ)

ಎಲ್ಲರಿಗೂ ನಮಸ್ಕಾರ. ಫೀನಿಕ್ಸ್ ಪಕ್ಕದ ಮೇಸಾದಲ್ಲಿ ಎಂಟು ವರ್ಷದಿಂದ ಇದ್ದೇನೆ. ಇಲ್ಲಿ ಚಳಿಗಾಲದ ಶನಿವಾರ ಬೆಳಿಗ್ಗೆ ಯಾವ ಪೆಟ್ರೋಲ್ ಬಂಕಿಗೆ ಹೋದರೂ ಟ್ರೈಲರ್ ಮೇಲೆ ಸೈಡ್ ಬೈ ಸೈಡ್ ಕಟ್ಟಿಕೊಂಡು ಗುಡ್ಡದ ಕಡೆ ಹೊರಟವರು ನಾಲ್ಕು ಜನ ಸಿಗುತ್ತಾರೆ. ನೋಡಿ ನೋಡಿ ನನಗೂ ಆಸೆ ಹತ್ತಿತು. ಊರಿನಲ್ಲಿರುವವರಿಗಾಗಿ ಒಂದು ಮಾತು: ಇದು ಜೀಪಿನ ಹಾಗೆ ಸ್ಟೀರಿಂಗ್, ಅಕ್ಕಪಕ್ಕ ಎರಡು ಸೀಟು, ತಲೆಯ ಮೇಲೆ ಕಬ್ಬಿಣದ ಪಂಜರ ಇರುವ ಗಾಡಿ. ರಾಮನಗರದ ಬಂಡೆಗಳ ಮೇಲೆ ಬಿಟ್ಟರೂ ಹತ್ತಿಕೊಂಡು ಹೋಗುತ್ತದೆ. ಜೊತೆಗೆ ಹನ್ನೊಂದು ವರ್ಷದ ಮಗನಿಗೆ ಮಣ್ಣುದಾರಿಯಲ್ಲಿ ಓಡಿಸುವ ಒಂದು ಚಿಕ್ಕ ಡರ್ಟ್ ಬೈಕ್ ಕೊಡಿಸುವ ಮಾತೂ ಆಗಿದೆ.

ಡೀಲರ್ ಜಾಲತಾಣದಲ್ಲಿ ಬೆಲೆ 19,999 ಡಾಲರ್ ಎಂದಿತ್ತು. ಹೋದೆ, ಕುಳಿತು ನೋಡಿದೆ, ಮಗ ಹಾರ್ನ್ ಒತ್ತಿ ಬೈಸಿಕೊಂಡ. ಆಮೇಲೆ ಮಾರಾಟದ ಹುಡುಗ ಒಂದು ಹಾಳೆ ಮುದ್ರಿಸಿ ತಂದು, ಬೋರಲಾಗಿ ಮೇಜಿನ ಮೇಲಿಟ್ಟು, ನನ್ನ ಕಡೆ ಮೆಲ್ಲಗೆ ಸರಿಸಿದ. ಅದರಲ್ಲಿದ್ದದ್ದು ಹೀಗೆ: ಗಾಡಿ 19,999. ಫ್ರೈಟ್, ಅಂದರೆ ಸಾಗಣೆ, 995. ಸೆಟಪ್, ಅಂದರೆ ಜೋಡಣೆ, 850. ಡಾಕ್ ಫೀ 599. ಕನ್ನಡಿ ಮತ್ತು ಗಾಜಿನ ಕಿಟ್ 650, ಅದನ್ನು ಆಗಲೇ ಕೂರಿಸಿಬಿಟ್ಟಿದ್ದಾರಂತೆ. ಕಳ್ಳತನ ತಡೆಯಲು ಭಾಗಗಳ ಮೇಲೆ ಸಂಖ್ಯೆ ಕೊರೆದದ್ದಕ್ಕೆ 499. ತೆರಿಗೆ, ನೋಂದಣಿ ಎಲ್ಲ ಸೇರಿ ಕೊನೆಯ ಸಾಲಿನಲ್ಲಿ 25,700ರ ಹತ್ತಿರ ಬಂದು ನಿಂತಿತು.

ಯೋಚಿಸಿ ಹೇಳುತ್ತೇನೆ ಎಂದು ಎದ್ದು ಬಂದೆ. ಈ ಸಾಲುಗಳಲ್ಲಿ ಯಾವುದು ನಿಜವಾದ ಖರ್ಚು, ಯಾವುದು ಗಾಳಿ? ಇಂಥ ಗಾಡಿ ಕೊಂಡು ಅನುಭವ ಇರುವವರು ದಯವಿಟ್ಟು ಹೇಳಿ.

ಹಾಲಿಸ್ಟರ್_ಧೂಳು (ಕ್ಯಾಲಿಫೋರ್ನಿಯಾ)

ಎದ್ದು ಬಂದದ್ದು ಒಳ್ಳೆಯದಾಯಿತು. ಮೊದಲು ಡಾಕ್ ಫೀ ನೋಡಿ. ಅದು ಕಾಗದಪತ್ರ ತುಂಬಿಸಿದ್ದಕ್ಕೆ ಡೀಲರ್ ತೆಗೆದುಕೊಳ್ಳುವ ಹಣ. ಸರ್ಕಾರಕ್ಕೆ ಅದರಲ್ಲಿ ಒಂದು ಸೆಂಟೂ ಹೋಗುವುದಿಲ್ಲ. ನಮ್ಮ ರಾಜ್ಯದಲ್ಲಿ ಇದಕ್ಕೆ 85 ಡಾಲರ್ ಮಿತಿ ಇದೆ. ನ್ಯೂಯಾರ್ಕ್‌ನಲ್ಲಿ 175. ನಿಮ್ಮ ಅರಿಜೋನಾ, ಆ ಕಡೆಯ ಫ್ಲೋರಿಡಾದಂಥ ರಾಜ್ಯಗಳಲ್ಲಿ ಮಿತಿಯೇ ಇಲ್ಲ, ಡೀಲರ್ ಬರೆದದ್ದೇ ದರ. ಫಾರ್ಮು ಅದೇ, ಪೆನ್ನು ಅದೇ, ರಾಜ್ಯದ ಗಡಿ ದಾಟಿದರೆ ಏಳು ಪಟ್ಟು.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಅಮೆರಿಕದಲ್ಲಿ ಹೊಸ ಕಾರಿನ ಕಿಟಕಿಗೆ ಬೆಲೆಪಟ್ಟಿ ಅಂಟಿಸಿರುತ್ತಾರಲ್ಲ, ಅದು 1958ರ ಕಾನೂನಿನಿಂದ ಬಂದದ್ದು. ಅದನ್ನು ತಂದ ಸೆನೆಟರ್ ಮನ್ರೋನಿಯ ಹೆಸರಿನಿಂದಲೇ ಆ ಚೀಟಿಯನ್ನು ಕರೆಯುತ್ತಾರೆ. ಸಾಗಣೆಯ ವೆಚ್ಚವನ್ನೂ ಅದರಲ್ಲಿ ಬರೆದಿರಬೇಕು. ಆದರೆ ಆ ಕಾನೂನು ಕಾರುಗಳಿಗೆ ಮಾತ್ರ. ಬೈಕಿಗೂ ಸೈಡ್ ಬೈ ಸೈಡ್‌ಗೂ ಅದು ಅನ್ವಯಿಸುವುದಿಲ್ಲ. ಕಾರು ಕೊಂಡ ಅಭ್ಯಾಸದಲ್ಲಿ ಹೋದವರು ಇಲ್ಲಿ ಎಡವುವುದೇ ಈ ಕಾರಣಕ್ಕೆ. ಕಂಪನಿ ಜಾಹೀರಾತಿನಲ್ಲಿ ಹೇಳುವ ಬೆಲೆಯ ಕೆಳಗೆ ಇರುವೆಯಷ್ಟು ಚಿಕ್ಕ ಅಕ್ಷರದಲ್ಲಿ 'ಸಾಗಣೆ, ಸೆಟಪ್, ತೆರಿಗೆ ಹೊರತುಪಡಿಸಿ' ಎಂದಿರುತ್ತದೆ. ಆದರೆ ನಮ್ಮ ಕ್ಯಾಲಿಫೋರ್ನಿಯಾದಲ್ಲಿ ಹೊಸ ಮೋಟಾರ್ ಸೈಕಲ್‌ನ ಹ್ಯಾಂಡಲ್‌ಗೆ ಒಂದು ಚೀಟಿ ಕಟ್ಟಿ, ಸಾಗಣೆ ಎಷ್ಟು, ಬಿಡಿಭಾಗಕ್ಕೆ ಎಷ್ಟು ಎಂದು ಬಿಡಿಸಿ ಬರೆಯಬೇಕೆಂಬ ನಿಯಮ ಇದೆ. ನಾನು ಬೈಕ್ ನೋಡುವ ಮೊದಲು ಆ ಚೀಟಿ ನೋಡುತ್ತೇನೆ.

ಸಂಖ್ಯೆ ಕೊರೆದ 499 ಶುದ್ಧ ಗಾಳಿ. ಅದನ್ನು ಬಿಡಿಸಿ.

ಸ್ಪ್ಯಾನರ್_ಹನ್ನೆರಡು (ಟೆಕ್ಸಾಸ್)

ಎಲ್ಲವನ್ನೂ ಗಾಳಿ ಎನ್ನುವ ಮೊದಲು ನನ್ನ ಮಾತನ್ನೂ ಕೇಳಿ. ಮೆಕ್ಯಾನಿಕಲ್ ಓದಿ, ಇಲ್ಲಿಗೆ ಬಂದ ಮೊದಲ ಎರಡು ವರ್ಷ ಒಂದು ಡೀಲರ್‌ನ ಹಿಂದಿನ ಶೆಡ್ಡಿನಲ್ಲಿ ಇದೇ ಸೆಟಪ್ ಕೆಲಸ ಮಾಡಿದ್ದೇನೆ. ಡರ್ಟ್ ಬೈಕ್ ಕಾರ್ಖಾನೆಯಿಂದ ಉಕ್ಕಿನ ಚೌಕಟ್ಟಿನ ಪೆಟ್ಟಿಗೆಯಲ್ಲಿ ಬರುತ್ತದೆ. ಮುಂದಿನ ಚಕ್ರ ಬೇರೆ, ಹ್ಯಾಂಡಲ್ ಬಾರ್ ಬೇರೆ, ಬ್ಯಾಟರಿ ಇನ್ನೊಂದು ಡಬ್ಬದಲ್ಲಿ. ಪೆಟ್ಟಿಗೆಯ ಬೋಲ್ಟು ಬಿಚ್ಚಿದಾಗ ಮೊದಲು ಮೂಗಿಗೆ ಬರುವುದು ತುಕ್ಕು ಹಿಡಿಯದಂತೆ ಬಳಿದ ಮೇಣದೆಣ್ಣೆಯ ವಾಸನೆ. ಚಕ್ರ ಹಾಕಬೇಕು, ಕೇಬಲ್ ಎಳೆಯಬೇಕು, ಚೈನ್ ಸರಿಮಾಡಬೇಕು, ಬ್ರೇಕ್ ನೋಡಬೇಕು, ಪ್ರತಿ ಬೋಲ್ಟನ್ನೂ ಟಾರ್ಕ್ ರೆಂಚ್‌ನಿಂದ ಕಂಪನಿ ಹೇಳಿದ ಅಳತೆಗೆ ಬಿಗಿಯಬೇಕು. ಸೈಡ್ ಬೈ ಸೈಡ್ ಆದರೆ ತಲೆಯ ಮೇಲಿನ ಪಂಜರವೇ ಬಿಡಿಬಿಡಿಯಾಗಿ ಬಂದಿರುತ್ತದೆ. ಅದನ್ನು ಕೂರಿಸಲು ಇಬ್ಬರು ಬೇಕು. ಗಾಡಿ ಉರುಳಿದಾಗ ನಿಮ್ಮ ಕುತ್ತಿಗೆಯನ್ನು ಉಳಿಸುವುದು ಆ ಪಂಜರ. ಅದರ ಬೋಲ್ಟನ್ನು 'ಆಯಿತು ಬಿಡು' ಎಂದು ಬಿಗಿದವನ ಕೈಗೆ ನಿಮ್ಮ ಮಗನನ್ನು ಕೊಡುತ್ತೀರಾ?

ಹಾಗಾಗಿ ಸೆಟಪ್ ಇರುವ ಕೆಲಸ, ಫ್ರೈಟ್ ಕೂಡ ಇರುವ ಖರ್ಚು. ಆದರೆ 850 ಡಾಲರ್‌ನಷ್ಟು ಕೆಲಸವೇ ಎಂದು ಕೇಳಿದರೆ, ಅಲ್ಲ. ಅರ್ಧ ದಿನದ ಕೆಲಸ. ನನಗೆ ಆಗ ಗಂಟೆಗೆ ಸಿಗುತ್ತಿದ್ದದ್ದನ್ನು ಬರೆಯಲು ನಾಚಿಕೆಯಾಗುತ್ತದೆ.

ಮತ್ತೊಂದು ಮಾತು. ಹೊಸ ಗಾಡಿಯ ಮೇಲೆ ಡೀಲರ್‌ಗೆ ಉಳಿಯುವುದು ನೀವು ಅಂದುಕೊಂಡಷ್ಟು ಇಲ್ಲ. ಸಂಪಾದನೆ ಇರುವುದು ಸರ್ವಿಸ್, ಬಿಡಿಭಾಗ ಮತ್ತು ಸಾಲದ ಕೋಣೆಯಲ್ಲಿ. ಅಂಗಡಿಯಲ್ಲಿ ನಿಂತ ಗಾಡಿಗಳೂ ಬಹುತೇಕ ಸಾಲದ ಗಾಡಿಗಳೇ. ಮೊದಲ ಕೆಲವು ತಿಂಗಳು ಬಡ್ಡಿಯನ್ನು ಕಂಪನಿ ನೋಡಿಕೊಳ್ಳುತ್ತದೆ, ಆಮೇಲೆ ಡೀಲರ್ ತಲೆಗೆ ಬರುತ್ತದೆ. ಹೋದ ವರ್ಷದ ಮಾದರಿ ಮೂಲೆಯಲ್ಲಿ ಧೂಳು ಹಿಡಿದು ನಿಂತಿದ್ದರೆ ಅದು ದಿನಾ ಮೇಯುತ್ತಿದೆ ಎಂದು ಅರ್ಥ. ಚೌಕಾಶಿಗೆ ಜಾಗ ಇರುವುದು ಅಲ್ಲಿ.

ಲೆಕ್ಕದಮ್ಮ (ಉತ್ತರ ಕ್ಯಾರೊಲಿನಾ)

ಸ್ಪ್ಯಾನರ್ ಅವರೇ, ಕೆಲಸ ಇದೆ ಎಂಬುದರಲ್ಲಿ ನನಗೆ ಜಗಳವಿಲ್ಲ. ಜಗಳ ಇರುವುದು ಅದನ್ನು ಬೆಲೆಯ ಹೊರಗೆ ಇಡುವುದರಲ್ಲಿ. ಹೋಟೆಲಿನವನು ದೋಸೆಗೆ ಒಂದು ದರ ಬೋರ್ಡಿನಲ್ಲಿ ಬರೆದು, ಬಿಲ್ಲಿನಲ್ಲಿ ಹಿಟ್ಟು ರುಬ್ಬಿದ್ದಕ್ಕೆ ಬೇರೆ, ಕಾವಲಿ ಕಾಯಿಸಿದ್ದಕ್ಕೆ ಬೇರೆ ಹಾಕಿದರೆ ನಾವು ಸುಮ್ಮನಿರುತ್ತೇವೆಯೇ? ರುಬ್ಬಿದ್ದು ಸುಳ್ಳಲ್ಲ, ಆದರೆ ಅದು ದೋಸೆಯ ಬೆಲೆಯೊಳಗೇ ಇರಬೇಕು.

ಮೇಸಾ ಅವರೇ, ಒಂದೊಂದು ಸಾಲಿನ ಜೊತೆ ಹೊಡೆದಾಡಬೇಡಿ. ಡಾಕ್ ಫೀ ತೆಗೆಯಿರಿ ಎಂದರೆ 'ಅದು ಎಲ್ಲ ಗ್ರಾಹಕರಿಗೂ ಒಂದೇ, ಬಿಡುವ ಹಾಗಿಲ್ಲ' ಎನ್ನುತ್ತಾರೆ. ಆ ಮಾತು ಬಹಳ ಸಲ ನಿಜವೂ ಹೌದು. ಸೆಟಪ್ ಇಳಿಸಿ ಎಂದರೆ ಇಳಿಸಿ ಫ್ರೈಟ್ ಏರಿಸುತ್ತಾರೆ. ನಾನು ಮಾಡಿದ್ದು ಇಷ್ಟೇ: ಐದು ಡೀಲರ್‌ಗಳಿಗೆ ಒಂದೇ ಇಮೇಲ್. ಇಂಥ ಮಾದರಿ, ಇಂಥ ಬಣ್ಣ, ನಿಮ್ಮ ಔಟ್ ದ ಡೋರ್ ಬೆಲೆ ಎಷ್ಟು, ತೆರಿಗೆ ನೋಂದಣಿ ಸೇರಿಸಿ ಒಂದೇ ಅಂಕಿ ಬರೆದು ಕಳುಹಿಸಿ. ನಾನು ಅದಕ್ಕೆ ಹೊಸ್ತಿಲು ದಾಟಿದ ಬೆಲೆ ಎನ್ನುತ್ತೇನೆ. ಇಬ್ಬರು ಉತ್ತರಿಸಲಿಲ್ಲ. ಒಬ್ಬ 'ಬನ್ನಿ ಮೇಡಂ, ಕುಳಿತು ಮಾತಾಡೋಣ' ಎಂದ. ಇಬ್ಬರು ಅಂಕಿ ಕೊಟ್ಟರು. ಆ ಎರಡು ಅಂಕಿಗಳ ನಡುವೆ ಹದಿನೆಂಟು ನೂರು ಡಾಲರ್ ಅಂತರವಿತ್ತು. ತಮಾಷೆ ಏನೆಂದರೆ, ಕಡಿಮೆ ಹೇಳಿದವನ ಡಾಕ್ ಫೀಯೇ ಹೆಚ್ಚು.

ಮಗನ ಬೈಕಿನ ಲೆಕ್ಕ ಇನ್ನೂ ಚೆನ್ನಾಗಿದೆ. ಅದರ ಕಾಗದ ಕೇಳಿದಿರಾ?

ಮೇಸಾ_ಮರಳು

ಕೇಳಿದೆ ಅಕ್ಕ, ಈಗ ತೆಗೆದು ನೋಡಿದೆ. 125 ಸಿಸಿ ಬೈಕ್ 3,399. ಫ್ರೈಟ್ 420, ಸೆಟಪ್ 450, ಡಾಕ್ ಫೀ ಅದೇ 599.

ಲೆಕ್ಕದಮ್ಮ

ಈಗ ಕೂಡಿ ನೋಡಿ. ಮೂರು ಶುಲ್ಕ ಸೇರಿ 1,469. ಬೈಕಿನ ಬೆಲೆಯ ಶೇ. 43. ಸೈಡ್ ಬೈ ಸೈಡ್‌ನಲ್ಲಿ ಇವೇ ಮೂರು ಸಾಲು 2,444, ಅಂದರೆ ಶೇ. 12ರ ಆಸುಪಾಸು. ದೊಡ್ಡ ಗಾಡಿಯಲ್ಲಿ ಕಣ್ಣಿಗೆ ಬೀಳದ ಮೊತ್ತ ಮಕ್ಕಳ ಬೈಕಿನ ಮೇಲೆ ಕುಳಿತಾಗ ಮೂಗಿಗಿಂತ ಮೂಗುತಿಯೇ ಭಾರವಾಗುತ್ತದೆ. ಹನ್ನೊಂದು ವರ್ಷದ ಹುಡುಗ ಎರಡು ವರ್ಷದಲ್ಲಿ ಉದ್ದವಾಗಿ ಬೆಳೆದು ಅದನ್ನು ಬಿಡುತ್ತಾನೆ. ಯಾರದೋ ಗ್ಯಾರೇಜಿನಲ್ಲಿ ಅವರ ಮಗ ಬಿಟ್ಟ ಬೈಕ್ ನಿಂತಿರುತ್ತದೆ, ಅದನ್ನು ಹುಡುಕಿ. ಹಳೆಯ ಬೈಕಿಗೆ ಫ್ರೈಟ್ ಇಲ್ಲ, ಸೆಟಪ್ ಇಲ್ಲ, ಡಾಕ್ ಫೀಯೂ ಇಲ್ಲ.

ಆಮೇಲೆ ಆ ಸಾಲದ ಕೋಣೆ. ಬೆಲೆ ಒಪ್ಪಿ ಕೈ ಕುಲುಕಿದ ಮೇಲೆ ಒಳಗಿನ ಗಾಜಿನ ಕೋಣೆಗೆ ಕರೆದೊಯ್ಯುತ್ತಾರೆ. ಅಲ್ಲಿ ಬಹಳ ಸಭ್ಯರೊಬ್ಬರು ಕುಳಿತಿರುತ್ತಾರೆ. ಮೊದಲ ಪ್ರಶ್ನೆ: 'ತಿಂಗಳಿಗೆ ಎಷ್ಟು ಕಟ್ಟಿದರೆ ನಿಮಗೆ ಹಗುರ?' ದಯವಿಟ್ಟು ಇದಕ್ಕೆ ಉತ್ತರ ಕೊಡಬೇಡಿ. 400 ಎಂದರೆ, ವಾರಂಟಿ ವಿಸ್ತರಣೆ, ಟೈರ್ ವಿಮೆ, ಗ್ಯಾಪ್ ವಿಮೆ (ಗಾಡಿ ಪೂರ್ತಿ ಹಾಳಾದರೆ ವಿಮೆಯ ಹಣಕ್ಕೂ ಉಳಿದ ಸಾಲಕ್ಕೂ ಇರುವ ಅಂತರ ತುಂಬುವುದು) ಎಲ್ಲವನ್ನೂ ತುರುಕಿ, ಅರವತ್ತು ತಿಂಗಳನ್ನು ಎಂಬತ್ತನಾಲ್ಕು ಮಾಡಿ, 399 ಎಂದು ತೋರಿಸುತ್ತಾರೆ. ಬಡ್ಡಿಯಲ್ಲೂ ಹಾಗೆ. ಸಾಲ ಕೊಡುವವನು ಶೇ. 7ಕ್ಕೆ ಒಪ್ಪಿರುತ್ತಾನೆ, ನಿಮಗೆ ಹೇಳುವುದು 9. ನಡುವಿನ ಎರಡರಲ್ಲಿ ಡೀಲರ್‌ಗೂ ಪಾಲು. 20,000 ಡಾಲರ್ ಸಾಲಕ್ಕೆ ಐದು ವರ್ಷದಲ್ಲಿ ಅದು 1,150 ಡಾಲರ್ ಆಗುತ್ತದೆ, ನೀವು ಹೊಡೆದಾಡುತ್ತಿರುವ ಸೆಟಪ್‌ಗಿಂತ ಹೆಚ್ಚು. ಮೊದಲೇ ನಿಮ್ಮ ಸಹಕಾರಿ ಬ್ಯಾಂಕ್, ಅಂದರೆ ಇಲ್ಲಿನ ಕ್ರೆಡಿಟ್ ಯೂನಿಯನ್‌ನಿಂದ ಒಂದು ದರ ಬರೆಸಿಕೊಂಡು ಹೋಗಿ.

ಗುಂಡ್ಲುಪೇಟೆ_ಗೇರ್

ಇಷ್ಟೆಲ್ಲ ತಲೆನೋವು ಏಕೆ? ಮೊಂಟಾನಾದಲ್ಲಿ ಮಾರಾಟ ತೆರಿಗೆಯೇ ಇಲ್ಲ. ಅಲ್ಲಿ ಕಾಗದದ ಮೇಲಷ್ಟೇ ಇರುವ ಒಂದು ಕಂಪನಿ ತೆರೆದು, ಅದರ ಹೆಸರಿನಲ್ಲಿ ಗಾಡಿ ಕೊಂಡರೆ ಎರಡು ಸಾವಿರ ಡಾಲರ್ ಉಳಿಯಿತು. ನನ್ನ ಸಹೋದ್ಯೋಗಿ ಮಾಡಿದ್ದಾನೆ.

ಲೆಕ್ಕದಮ್ಮ

ಇರುವುದು ಅರಿಜೋನಾದಲ್ಲಿ, ಓಡಿಸುವುದು ಅರಿಜೋನಾದಲ್ಲಿ, ಗಾಡಿ ಮಾತ್ರ ಮೊಂಟಾನಾದ್ದು. ಇದನ್ನು ರಾಜ್ಯಗಳ ತೆರಿಗೆ ಇಲಾಖೆಗಳು ಈಗಾಗಲೇ ಹುಡುಕಿ ಹಿಡಿಯುತ್ತಿವೆ. ನಮ್ಮಲ್ಲಿ ಅರ್ಧ ಜನ ವೀಸಾ ಮೇಲೆ ಇದ್ದೇವೆ ಅಥವಾ ಹಸಿರು ಕಾರ್ಡಿಗೆ ಕಾಯುತ್ತಿದ್ದೇವೆ. ಎರಡು ಸಾವಿರಕ್ಕಾಗಿ ಸುಳ್ಳು ಕಾಗದಕ್ಕೆ ಸಹಿ ಹಾಕಿ ಎಂದು ಹೇಳುವುದಕ್ಕೆ ನಿಮಗೆ ಮನಸ್ಸಾದರೂ ಹೇಗೆ ಬಂತು?

ಸಕಲೇಶಪುರ_ತೋಟ

ಮೇಲಿನ ಮಾತುಗಳನ್ನು ಓದುತ್ತಾ ಕುಳಿತೆ. ಅಮೆರಿಕದಲ್ಲೂ ಇದೇ ಕಥೆಯೇ ಎಂದು ಸ್ವಲ್ಪ ಸಮಾಧಾನವೂ ಆಯಿತು, ಕ್ಷಮಿಸಿ.

ನಮ್ಮ ಕಡೆ ಇದರ ಹೆಸರು ಹ್ಯಾಂಡ್ಲಿಂಗ್ ಚಾರ್ಜ್. ಹೋದ ವರ್ಷ ತೋಟದ ದಾರಿಗೆಂದು ಹತ್ತಿರದ ಪಟ್ಟಣದ ಶೋರೂಮಿನಲ್ಲಿ ಎರಡು ಲಕ್ಷದ ಆಜುಬಾಜಿನ ಒಂದು ಬೈಕ್ ಕೊಂಡೆ. ಕರ್ನಾಟಕದಲ್ಲಿ ಬೆಲೆ ಏರುವುದಕ್ಕೆ ಡೀಲರ್ ಒಬ್ಬನೇ ಕಾರಣ ಅಲ್ಲ ಎಂಬುದನ್ನು ಮೊದಲು ಹೇಳಬೇಕು. ಒಂದು ಲಕ್ಷ ದಾಟಿದ ದ್ವಿಚಕ್ರ ವಾಹನಕ್ಕೆ ಇಲ್ಲಿ ಜೀವಿತಾವಧಿ ತೆರಿಗೆ ಶೇ. 18, ಆ ತೆರಿಗೆಯ ಮೇಲೆ ಶೇ. 11 ಸೆಸ್. ಎರಡು ಲಕ್ಷಕ್ಕೆ 39,960 ರೂಪಾಯಿ. ಅದನ್ನು ಯಾರೂ ಬಿಡಿಸಲಾರರು. ಅದರ ಕೆಳಗೆ ಬರುವ ಚಿಲ್ಲರೆ ಸಾಲುಗಳಲ್ಲಿ ಇರುವುದು ಆಟ. ನನ್ನ ಚೀಟಿಯಲ್ಲಿ ಹ್ಯಾಂಡ್ಲಿಂಗ್ 2,800, ಟೆಫ್ಲಾನ್ ಲೇಪನ 1,500, ನಂಬರ್ ಪ್ಲೇಟ್ 900, ಹೆಲ್ಮೆಟ್ 1,600 ಎಂದಿತ್ತು.

ನಂಬರ್ ಪ್ಲೇಟಿಗೆ ಬೇರೆ ಹಣ ಏಕೆ ಎಂದು ಕೇಳಿದೆ. 2019ರ ಏಪ್ರಿಲ್‌ನಿಂದ ಹೊಸ ವಾಹನದ ಜೊತೆಗೇ ಅತಿ ಸುರಕ್ಷಿತ ಫಲಕವನ್ನು ಕಂಪನಿ ಕೊಡಬೇಕೆಂದು ನಿಯಮ ಬಂದಿದೆ. ಹೆಲ್ಮೆಟ್ ಕೂಡ ಹಾಗೆಯೇ: ದ್ವಿಚಕ್ರ ಕೊಂಡಾಗ ಐಎಸ್ಐ ಗುರುತಿನ ಹೆಲ್ಮೆಟ್ ಕೊಡಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮ 138 ಹೇಳುತ್ತದೆ. ವ್ಯವಸ್ಥಾಪಕ ಮುಗುಳ್ನಕ್ಕು 'ಸಾರ್, ನೀವು ವಕೀಲರಾ?' ಎಂದ. ತೋಟದವನು ಎಂದೆ. ಹ್ಯಾಂಡ್ಲಿಂಗ್ ಹಣಕ್ಕೆ ಅಂಗಡಿಯ ಮೊಹರಿನೊಂದಿಗೆ ಬೇರೆ ರಸೀದಿ ಕೊಡಿ, ಕೊಡುತ್ತೇನೆ ಎಂದೆ. ಒಳಗೆ ಹೋಗಿ ಬಂದ. ಆ ಸಾಲು ಮಾಯವಾಯಿತು. ಟೆಫ್ಲಾನ್ ಉಳಿಯಿತು, ಏಕೆಂದರೆ ಅಷ್ಟು ಹೊತ್ತಿಗೆ ಬೈಕಿಗೆ ಅದನ್ನು ಬಳಿದು ಹೊರಗೆ ನಿಲ್ಲಿಸಿದ್ದರು! ವಿಮೆಯನ್ನೂ ಅಲ್ಲೇ ಮಾಡಿಸಬೇಕು ಎಂದಿಲ್ಲ. 2018ರ ಸೆಪ್ಟೆಂಬರ್‌ನಿಂದ ಹೊಸ ದ್ವಿಚಕ್ರಕ್ಕೆ ಐದು ವರ್ಷದ ಮೂರನೇ ವ್ಯಕ್ತಿ ವಿಮೆ ಕಡ್ಡಾಯ, ಆದರೆ ಅದನ್ನು ಯಾವ ಕಂಪನಿಯಿಂದ ಬೇಕಾದರೂ ತರಬಹುದು. ನಾನು ಹೊರಗಿನಿಂದ ತಂದೆ, ಮೂರು ಸಾವಿರ ಉಳಿಯಿತು.

ಕೊಳ್ಳಲು ಹೊರಟವರಿಗೆ ಇನ್ನೊಂದು: 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ, ಅದಕ್ಕಿಂತ ದೊಡ್ಡವಕ್ಕೆ ಶೇ. 40 ಆಗಿದೆ. ಎಕ್ಸ್‌ಪಲ್ಸ್‌ನಂಥ ಚಿಕ್ಕ ಬೈಕ್ ಅಗ್ಗವಾಯಿತು, ಹಿಮಾಲಯನ್ 450ಯಂಥ ದೊಡ್ಡ ಬೈಕ್ ತುಟ್ಟಿಯಾಯಿತು. ಹಳೆಯ ಅಂಕಿ ಹಿಡಿದುಕೊಂಡು ಶೋರೂಮಿಗೆ ಹೋಗಬೇಡಿ.

ಹಾಲಿಸ್ಟರ್_ಧೂಳು

ತೋಟದ ಸಾರ್, ನಿಮ್ಮ ಕಡೆ ತೋಟಗಳಲ್ಲಿ ಬೈಕಿನಂತೆ ಹ್ಯಾಂಡಲ್ ಇರುವ ನಾಲ್ಕು ಚಕ್ರದ ಎಟಿವಿ ಓಡಿಸುವುದನ್ನು ನೋಡಿದ್ದೇನೆ. ಅದಕ್ಕೆ ನೋಂದಣಿ ಹೇಗೆ?

ಸಕಲೇಶಪುರ_ತೋಟ

ಬಹುತೇಕಕ್ಕೆ ಇಲ್ಲವೇ ಇಲ್ಲ. ತೋಟದ ಒಳಗೆ, ರೆಸಾರ್ಟಿನ ಒಳಗೆ ಓಡಿಸುವ ಗಾಡಿ ಎಂದೇ ಮಾರುತ್ತಾರೆ. ನೋಂದಣಿ ಇಲ್ಲದ್ದರಿಂದ ಜೀವಿತಾವಧಿ ತೆರಿಗೆಯೂ ಇಲ್ಲ, ಅದೊಂದು ಲಾಭ. ಕಷ್ಟ ಇರುವುದು ನಮ್ಮಂಥವರಿಗೆ. ನನ್ನ ತೋಟವನ್ನು ಡಾಂಬರು ರಸ್ತೆ ಎರಡು ಹೋಳು ಮಾಡಿದೆ. ಮೇಲಿನ ಹೋಳಿನಿಂದ ಕೆಳಗಿನದಕ್ಕೆ ಹೋಗಲು ರಸ್ತೆಯಲ್ಲಿ ಇನ್ನೂರು ಅಡಿ ನಡೆಯಬೇಕು, ಆ ಇನ್ನೂರು ಅಡಿಯಲ್ಲಿ ಎಟಿವಿ ಕಾನೂನುಬಾಹಿರ. ಎಟಿವಿ ತಯಾರಿಸುವ ಪೊಲಾರಿಸ್ ಕಂಪನಿಯವರು ಒಂದು ಮಾದರಿಯನ್ನು ಕೃಷಿ ಟ್ರ್ಯಾಕ್ಟರ್ ಎಂದೇ ನೋಂದಾಯಿಸುವಂತೆ ತಂದಿದ್ದರು. ನಮ್ಮಪ್ಪ ಅದರ ಚಿತ್ರ ನೋಡಿ, 'ಇದಕ್ಕೆ ನೇಗಿಲು ಎಲ್ಲಿ ಕಟ್ಟುವುದು?' ಎಂದು ಕೇಳಿದರು.

ಸ್ಪ್ಯಾನರ್_ಹನ್ನೆರಡು

ಅಪ್ಪಾಜಿಯ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿಲ್ಲ.

ಮೇಸಾ ಅವರೇ, ಕಾಲವೂ ಈಗ ನಿಮ್ಮ ಕಡೆ ಇದೆ. 2021ರಲ್ಲಿ ಗಾಡಿಯೇ ಸಿಗುತ್ತಿರಲಿಲ್ಲ. ಆಗ 'ಮಾರುಕಟ್ಟೆ ಹೊಂದಾಣಿಕೆ' ಎಂಬ ಹೆಸರಿನಲ್ಲಿ ಸಾವಿರಗಟ್ಟಲೆ ಸೇರಿಸಿ ಬರೆಯುತ್ತಿದ್ದರು, ಜನ ಮಾತಾಡದೆ ಕೊಡುತ್ತಿದ್ದರು. ಆಮೇಲೆ ಗಾಳಿ ತಿರುಗಿತು. ಡೀಲರ್ ಅಂಗಳ ತುಂಬಿ, 2024ರಲ್ಲಿ ಪೊಲಾರಿಸ್, ಬಿಆರ್‌ಪಿ ಎರಡೂ ಕಂಪನಿಗಳು ಸರಕು ಕಳುಹಿಸುವುದನ್ನೇ ಕಡಿಮೆ ಮಾಡಿದವು. ಹಿಂದಿನ ವರ್ಷದ ಮಾದರಿ ಎಲ್ಲಿದೆ ಎಂದು ಕೇಳಿ.

ಗಾಡಿ ತೆಗೆದುಕೊಳ್ಳುವ ದಿನ ಒಂದು ಗಾಳಿ ಮಾಪಕ ಜೇಬಿನಲ್ಲಿ ಇರಲಿ. ಸಾಗಣೆಯಲ್ಲಿ ಟೈರಿಗೆ ಬೇಕಾದದ್ದಕ್ಕಿಂತ ಹೆಚ್ಚು ಗಾಳಿ ತುಂಬಿರುತ್ತಾರೆ. ಸೆಟಪ್ ಮಾಡಿದವನು ಅದನ್ನು ಇಳಿಸಿರಬೇಕು. ಇಳಿಸಿಲ್ಲ ಎಂದರೆ ಉಳಿದದ್ದನ್ನೂ ಅವನು ಹೇಗೆ ಮಾಡಿದ್ದಾನೆ ಎಂದು ಊಹಿಸಿಕೊಳ್ಳಿ.

ಮೇಸಾ_ಮರಳು

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಲೆಕ್ಕದಮ್ಮ ಹೇಳಿದಂತೆ ಐದಲ್ಲ, ಏಳು ಕಡೆ ಇಮೇಲ್ ಕಳುಹಿಸಿದೆ. ನಾಲ್ವರು ಅಂಕಿ ಕೊಟ್ಟರು. ನನ್ನ ಮೊದಲ ಡೀಲರ್ ಕೂಡ ಕೊಟ್ಟ, ಸಂಖ್ಯೆ ಕೊರೆದ 499 ಆ ಅಂಕಿಯಲ್ಲಿ ಇರಲಿಲ್ಲ. ಹಾಗಾದರೆ ಅದನ್ನು ಗಾಡಿಯ ಮೇಲಿಂದ ಅಳಿಸಿದರೇ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ.

ಕೊನೆಗೆ ಟೂಸಾನ್‌ನಲ್ಲಿ ಅದೇ ಗಾಡಿಯ ಹಿಂದಿನ ವರ್ಷದ ಮಾದರಿ ಸಿಕ್ಕಿತು. ಬಣ್ಣ ನಿಂಬೆಹಣ್ಣಿನದು, ಅದಕ್ಕೇ ಯಾರೂ ಕೊಂಡಿರಲಿಲ್ಲ ಎಂದು ನನ್ನ ಹೆಂಡತಿಯ ವಾದ. ಗಾಡಿ 17,499, ಫ್ರೈಟ್ ಸೆಟಪ್ ಸೇರಿ 1,200, ಡಾಕ್ ಫೀ 399. ಹೊಸ್ತಿಲು ದಾಟಿದ ಬೆಲೆ 20,840. ಕ್ರೆಡಿಟ್ ಯೂನಿಯನ್ ಚೀಟಿ ತೋರಿಸಿದ ಮೇಲೆ ಗಾಜಿನ ಕೋಣೆಯಲ್ಲಿ ಹತ್ತು ನಿಮಿಷವೂ ಆಗಲಿಲ್ಲ. ಆ ಸಭ್ಯರು ಟೈರ್ ವಿಮೆಯ ಕರಪತ್ರವನ್ನು ಅರ್ಧ ಹೊರತೆಗೆದು ಮತ್ತೆ ಡ್ರಾಯರಿಗೆ ಹಾಕಿಕೊಂಡರು.

ಮಗನ ಬೈಕ್ ಪಕ್ಕದ ಊರಾದ ಗಿಲ್ಬರ್ಟ್‌ನ ಒಂದು ಮನೆಯಲ್ಲಿ ಸಿಕ್ಕಿತು, ಮೂರು ವರ್ಷ ಹಳೆಯದು, 1,900 ಡಾಲರ್. ಆ ಮನೆಯ ಹುಡುಗ ಈಗ ಆರಡಿ ಎತ್ತರ ಇದ್ದಾನೆ. ಬೈಕ್ ಟ್ರೈಲರ್ ಹತ್ತುವಾಗ ಜೇಬಿನಲ್ಲಿ ಕೈಯಿಟ್ಟುಕೊಂಡು ಬೇರೆ ಕಡೆ ನೋಡುತ್ತಿದ್ದ.

ಸ್ಪ್ಯಾನರ್ ಅವರೇ, ಗಾಳಿ ಮಾಪಕ ತೆಗೆದುಕೊಂಡು ಹೋಗಿದ್ದೆ. ಮೂರು ಟೈರ್ ಸರಿ ಇದ್ದವು. ಹಿಂದಿನ ಬಲಗಡೆಯದರಲ್ಲಿ ಬರೆದದ್ದರ ಎರಡು ಪಟ್ಟು ಇತ್ತು. ತೋರಿಸಿದ ತಕ್ಷಣ ಶೆಡ್ಡಿನಿಂದ ಒಬ್ಬ ಹುಡುಗ ಓಡಿ ಬಂದು ಇಳಿಸಿದ. ಕಿವಿ ಕೆಂಪಾಗಿತ್ತು, ಪಾಪ.

ಸಹಿ ಹಾಕುವಾಗ ಕೊನೆಯ ಪುಟದಲ್ಲಿ ಇಮೇಲ್‌ನಲ್ಲಿ ಇಲ್ಲದ ಒಂದು ಸಾಲು ಕಂಡಿತು: ವಿದ್ಯುನ್ಮಾನ ಸಲ್ಲಿಕೆ ಶುಲ್ಕ, 39 ಡಾಲರ್. ಹೊರಗೆ ಮಗ ಹಾರ್ನ್ ಒತ್ತುತ್ತಿದ್ದ. ಕೊಟ್ಟುಬಿಟ್ಟೆ.

ಲೆಕ್ಕದಮ್ಮ

ಕೊಡಬಾರದಿತ್ತು.

ಸ್ಪ್ಯಾನರ್_ಹನ್ನೆರಡು

ಅದು ಹೋಗಲಿ ಬಿಡಿ. ಪಂಜರದ ಬೋಲ್ಟುಗಳನ್ನು ನೋಡಿದಿರಾ?